ಕೆಂಪು ಟೊಪ್ಪಿಯ ಲೈನು

ಮಾರ್ಚ್ 4

ಈ ವರ್ಷ ಇಲಾಖೆಯವರು ಡೈರಿ ಹಂಚಲಿಲ್ಲ. ಕಾಗದ ಹೊರದೇಶದಿಂದ ಬರಬೇಕಂತೆ, ತರಿಸುವ ತಾಕತ್ತು ಸರ್ಕಾರಕ್ಕಿಲ್ಲವಂತೆ. ಹೋದ ವರ್ಷದ ಡೈರಿಯಲ್ಲಿ ಖಾಲಿ ಪುಟಗಳು ಬೇಕಾದಷ್ಟು ಉಳಿದಿವೆ, ಅದರಲ್ಲೇ ಬರೆಯುತ್ತಿದ್ದೇನೆ. ತಾರೀಖು ಸರಿ, ವಾರ ತಪ್ಪು. ದೇಶವೇ ದಾರಿ ತಪ್ಪಿರುವಾಗ ವಾರ ತಪ್ಪಿದರೇನು ಮಹಾ.

ಇವತ್ತಿನಿಂದ ಕರೆಂಟು ತೆಗೆಯುವುದು ಅಧಿಕೃತವಾಯಿತು. ಮಳೆ ಕೈಕೊಟ್ಟು ಅಣೆಕಟ್ಟು ತಳ ಕಂಡಿದೆ. ನಮ್ಮ ನೋಟಿಗೆ ಬೆಲೆಯಿಲ್ಲವೆಂದು ಡೀಸೆಲ್ ಹಡಗು ಬಂದರಿನಾಚೆಯೇ ಲಂಗರು ಹಾಕಿ ಕೂತಿದೆ. ಮೇಲಿನವರಿಗೆ ಚುನಾವಣೆಯದೇ ಚಿಂತೆ. ಇದೆಲ್ಲ ಸೇರಿ ಕೊನೆಗೆ ಬಂದು ನಿಲ್ಲುವುದು ನನ್ನ ಮೇಜಿನ ಫೋನಿನಲ್ಲಿ. "ಇಷ್ಟು ಲೋಡು ಇಳಿಸಿ" ಎನ್ನುತ್ತಾರೆ, ಇಟ್ಟುಬಿಡುತ್ತಾರೆ. ಯಾವ ಬಡಾವಣೆಯ ಲೈನು ತೆಗೆಯಬೇಕು ಎಂಬುದು ಸಬ್‌ಸ್ಟೇಷನ್ನಿನಲ್ಲಿ ಕೂತ ಆಪರೇಟರಿಗೆ ಬಿಟ್ಟದ್ದು. ಹಗಲು ಪಾಳಿಯಲ್ಲಿ ಆ ಆಪರೇಟರು ನಾನು.

ನಾನು ಸರದಿ ತಪ್ಪಿಸುವವಳಲ್ಲ. ಗಿರಣಿ ಲೈನು, ಮಾರ್ಕೆಟ್ ಲೈನು, ಶಾಲೆ ಲೈನು, ಕೆರೆ ಲೈನು, ಮತ್ತೆ ಗಿರಣಿ. ಫೋನು ಮಾಡಿ ಅತ್ತರೂ ಅಷ್ಟೆ, ಬೈದರೂ ಅಷ್ಟೆ. ಮುಲಾಜು ಎಂಬ ಪದ ನನ್ನ ಮೇಜಿನ ಮೇಲಿಲ್ಲ.

ಮುಟ್ಟಲೇಬಾರದ ಲೈನುಗಳು ಮೂರು. ಆಸ್ಪತ್ರೆ, ನೀರಿನ ಪಂಪ್‌ಹೌಸು, ಜೈಲು. ಅವಸರದಲ್ಲಿ ಕೈತಪ್ಪಿ ಎಳೆಯಬಾರದಲ್ಲ, ಅದಕ್ಕೆ ಆ ಮೂರು ಲೈನುಗಳ ಸ್ವಿಚ್ಚಿನ ಹಿಡಿಕೆಗಳಿಗೆ ಕೆಂಪು ಟೊಪ್ಪಿ ತೊಡಿಸುವ ಉಪಾಯ ನನ್ನದೇ. ನಮ್ಮ ಅಡುಗೆಮನೆ ಕಿಟಕಿಯ ಹಳೆಯ ಪರದೆ ಕತ್ತರಿಸಿ ಹೊಲಿದೆ. ಕೂಸಿನ ಟೊಪ್ಪಿಯಷ್ಟೇ ಗಾತ್ರ. ಇಂಜಿನಿಯರ್ ಸಾಹೇಬರು ನೋಡಿ, "ಭೇಷ್, ತಲೆ ಇದೆ ನಿಮಗೆ" ಎಂದರು. ಇಷ್ಟು ವರ್ಷ ಏನಿದೆ ಅಂದುಕೊಂಡಿದ್ದರೋ.

ನಮ್ಮ ಮನೆಯೂ ಆಸ್ಪತ್ರೆ ಲೈನಿನಲ್ಲೇ ಇದೆ. ಆಸ್ಪತ್ರೆಯ ಹಿಂದಿನ ಬೀದಿ, ಎಡಗಡೆಯ ಸಾಲು. ಬಲಗಡೆಯ ಸಾಲು ಗಿರಣಿ ಲೈನು. ಮನೆ ಕಟ್ಟುವಾಗ ಇದನ್ನೆಲ್ಲ ಯೋಚಿಸಿದವರು ಯಾರು. ಅದೃಷ್ಟ ಅನ್ನಬೇಕು ಅಷ್ಟೆ.

ಮಾರ್ಚ್ 11

ಇವರು ಇವತ್ತು ಗಡ್ಡ ಹೆರೆದುಕೊಂಡರು. ಇದನ್ನು ಬರೆದಿಡಬೇಕು.

ಟೈಲ್ಸ್ ಕಾರ್ಖಾನೆ ಬಾಗಿಲು ಹಾಕಿದಂದಿನಿಂದ ನನ್ನ ಗಂಡ ಗೋಡೆಗೆ ಮುಖ ಮಾಡಿ ಮಲಗುವುದನ್ನೇ ಉದ್ಯೋಗ ಮಾಡಿಕೊಂಡಿದ್ದರು. ಹೋದ ವಾರ, ಮುಚ್ಚಿಹೋದ ಹೋಟೆಲೊಂದರಿಂದ ಹಳೆಯ ಫ್ರೀಜರು ಹೊತ್ತು ತಂದು ನಡುಮನೆಯಲ್ಲಿ ಇಟ್ಟರು. ಪೆಟ್ಟಿಗೆ ಹಾಗೆ ಇರುವ ಆ ಯಂತ್ರ ಹಳೆಯ ಬಸ್ಸಿನಂತೆ ಗುರುಗುಡುತ್ತದೆ. ಡಬ್ಬಗಳಲ್ಲಿ ನೀರು ತುಂಬಿ ಐಸು ಮಾಡಿ ಮಾರುತ್ತಾರೆ. ಊರಿಗೆಲ್ಲ ಕತ್ತಲು, ಬಿಸಿಲು ಮಾತ್ರ ಧಾರಾಳ, ಐಸಿಗೆ ಸಾಲು ನಿಲ್ಲದೆ ಇರುತ್ತದೆಯೇ. ಇವರು ಡಬ್ಬ ಬಡಿದು ಐಸು ಬಿಡಿಸುತ್ತ ಏನೋ ಗುನುಗುತ್ತಿದ್ದರು. ಕೇಳಿ ಎಷ್ಟು ಕಾಲವಾಗಿತ್ತು.

ಎದುರು ಸಾಲಿನ ಟೈಲರ್ ಅಣ್ಣ ತಮ್ಮ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಬಾಟಲಿಗಳನ್ನು ನಮ್ಮ ಫ್ರಿಜ್ಜಿನಲ್ಲಿಟ್ಟಿದ್ದಾರೆ. ಬೆಳಿಗ್ಗೆ ಸಂಜೆ ಬರುತ್ತಾರೆ, ಚಪ್ಪಲಿ ದೂರವೇ ಬಿಟ್ಟು, ದೇವರ ಮನೆಗೆ ಬಂದಂತೆ ಬರುತ್ತಾರೆ. "ನಿಮ್ಮ ಪುಣ್ಯ ತಾಯಿ, ನಿಮ್ಮಿಂದ ನನ್ನ ಜೀವ ಇದೆ" ಎಂದರು. ನಾನು, "ಅಯ್ಯೋ ಬಿಡಿ ಅಣ್ಣ, ನಮ್ಮದೇನು, ಆಸ್ಪತ್ರೆ ಪುಣ್ಯ" ಎಂದೆ. ಹಾಗೆ ಹೇಳುವಾಗ ಮನಸ್ಸಿಗೆ ಹಿತವಾಯಿತು.

ಮಾರ್ಚ್ 19

ತಂಗಿಯ ಮಗಳು ಡ್ಯೂಟಿ ಮುಗಿಸಿ ಬಂದಿದ್ದಳು. ಆಸ್ಪತ್ರೆಯ ಹಸುಗೂಸುಗಳ ವಾರ್ಡಿನಲ್ಲಿ ನರ್ಸು ಅವಳು. ಚಪ್ಪಲಿಯ ಪಟ್ಟಿ ಕಿತ್ತುಹೋಗಿದೆ, ಗಾಯಕ್ಕೆ ಸುತ್ತುವ ಬಟ್ಟೆಯಿಂದ ಕಟ್ಟಿಕೊಂಡು ಬಂದಿದ್ದಾಳೆ. ಅದನ್ನು ನೋಡಿ ನನಗೆ ಸಿಟ್ಟು ಬಂತು. "ಸಂಬಳ ತಗೊಳ್ಳೋಳು, ಕಾಲಿಗೊಂದು ಚಪ್ಪಲಿ ಬೇಡ್ವೇನೇ" ಎಂದು ಗದರಿದೆ. ಅವಳು ನಕ್ಕಳು. "ಸಂಬಳ ಬಂದ್ರೆ ತಾನೆ ದೊಡ್ಡಮ್ಮ."

ಕಾಲು ತೊಳೆಯುತ್ತ ಏನೇನೋ ಹೇಳಿದಳು. ಆಸ್ಪತ್ರೆಯ ಬೋರ್‌ವೆಲ್ಲುಗಳು ಬತ್ತಿವೆಯಂತೆ, ಟ್ಯಾಂಕರಿಗೆ ಡೀಸೆಲ್ ಇಲ್ಲವಂತೆ, ವಾರ್ಡುಗಳನ್ನೆಲ್ಲ ಹೆಣ್ಣುಮಕ್ಕಳ ಶಾಲೆಗೆ ಸಾಗಿಸಿದ್ದಾರಂತೆ. ಅಲ್ಲಿಯ ಹಳೆ ಬಾವಿಯಲ್ಲಿ ಇನ್ನೂ ನೀರಿದೆ. "ಈಗ ನಾವು ಶಾಲೆ ಲೈನಲ್ಲಿ ಇದೀವಿ ದೊಡ್ಡಮ್ಮ" ಎಂದಳು. ಬೆಂಚುಗಳನ್ನು ಜೋಡಿಸಿ ಅದರ ಮೇಲೆ ಕೂಸುಗಳ ಪೆಟ್ಟಿಗೆ ಇಟ್ಟಿದ್ದಾರೆ. ಎಲ್ಲಕ್ಕಿಂತ ಸಣ್ಣ ಕೂಸಿಗೆ ಇವರೆಲ್ಲ ಗುಬ್ಬಿ ಎಂದು ಹೆಸರಿಟ್ಟಿದ್ದಾರೆ. ದಿನ ತುಂಬುವ ಮೊದಲೇ ಹುಟ್ಟಿದ್ದು, ಅಂಗೈಯಲ್ಲಿ ಹಿಡಿಸುತ್ತದೆಯಂತೆ, ಆದರೆ ಅತ್ತರೆ ಹೆಡ್‌ಮಿಸ್ಸಿನ ರೂಮಿನವರೆಗೂ ಕೇಳುತ್ತದೆಯಂತೆ.

ಹೋಗುವಾಗ ನನ್ನ ಹಳೆ ಚಪ್ಪಲಿ ಕೊಟ್ಟು ಕಳಿಸಿದೆ. ಸ್ವಲ್ಪ ದೊಡ್ಡದು, ಆದರೂ ಪರವಾಗಿಲ್ಲ. ಇನ್ನೊಂದು ಜೊತೆ ಎಲ್ಲಾದರೂ ಸಿಗುತ್ತದೆಯೇ ನೋಡಬೇಕು.

ಮಾರ್ಚ್ 27

ಕಣ್ಣಲ್ಲಿ ರಕ್ತ ಇಲ್ಲದ ಜನ. ಆಟದ ಮೈದಾನದಲ್ಲಿ ಇವತ್ತು ದೊಡ್ಡ ನಾಯಕರ ಭಾಷಣ. ಆ ಲೈನಿಗೂ ಒಂದು ಟೊಪ್ಪಿ ಹಾಕಿ ಎಂದು ಸಾಹೇಬರು ಬಂದು ನಿಂತರು. "ಬಟ್ಟೆ ಮುಗಿದಿದೆ ಸಾರ್" ಎಂದೆ. ತಮ್ಮ ಕರವಸ್ತ್ರವನ್ನೇ ಬಿಚ್ಚಿ ಕೊಟ್ಟರು. ಕಟ್ಟಿದೆ, ಏನು ಮಾಡಲಿ. ಮಾರ್ಕೆಟ್ಟಿನವರು ಬೆವರಿನಲ್ಲಿ ಬೇಯುತ್ತಿರುವಾಗ ಮೈದಾನದಲ್ಲಿ ಹಗಲಿನಲ್ಲೇ ದೀಪಗಳು ಉರಿಯುತ್ತಿದ್ದವು, ಹಿಂದಿನ ಸಾಲಿನಲ್ಲಿ ಯಾರೂ ಇಲ್ಲದ ಕುರ್ಚಿಗಳಿಗೆ ಫ್ಯಾನು ತಿರುಗುತ್ತಿತ್ತು.

ಭಾಷಣ ಮುಗಿದು ಕಾರುಗಳು ಹೋದ ಮೇಲೆ ಆ ಕರವಸ್ತ್ರ ತೆಗೆಯಿರಿ ಎಂದು ಯಾರೂ ಹೇಳಲಿಲ್ಲ. ನಾನೇ ಬಿಚ್ಚಿ, ಆ ಲೈನನ್ನು ಸರದಿಗೆ ಸೇರಿಸಿದೆ. ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಸರಿಯಾಗಿ ಹೇಳುತ್ತಿದ್ದೆ. ಬೇರೆಯವರ ಕಷ್ಟದ ಮೇಲೆ ಬೆಳಕು ಹಚ್ಚಿಕೊಂಡು ಕೂರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಏಪ್ರಿಲ್ 2

ಲೈನ್‌ಮನ್ ಏಣಿ ಇವತ್ತು ಸಲ್ಲದ ಮಾತಾಡಿದ. ಕಂಬದಷ್ಟೇ ಉದ್ದ ಇದ್ದಾನೆ, ಅದಕ್ಕೇ ಆ ಹೆಸರು. ಆಸ್ಪತ್ರೆಯ ಹತ್ತಿರ ತಂತಿ ಜೋತುಬಿದ್ದಿತ್ತಂತೆ, ಕಟ್ಟಿ ಬಂದು ಚಹಾ ಕುಡಿಯುತ್ತ ಹೇಳಿದ. "ಅಕ್ಕಾ, ಅಲ್ಲಿ ಈಗ ಒಂದು ನರಪಿಳ್ಳೆ ಇಲ್ಲ. ಇಡೀ ಆಸ್ಪತ್ರೇಲಿ ವಾಚ್‌ಮನ್ ಫ್ಯಾನು ಒಂದೇ ತಿರುಗ್ತಿದೆ. ಅದು ಬಿಟ್ರೆ ನಿಮ್ಮನೆ ಫ್ರೀಜರು."

"ನಿನ್ನ ಮನೆ ಯಾವ ಲೈನಪ್ಪಾ?" ಎಂದು ಕೇಳಿದೆ.

ಅವನು ಲೋಟದೊಳಗೆ ನೋಡಿ ನಕ್ಕ. "ನಿಮ್ಮದೇ. ಸಾಹೇಬ್ರ ಕ್ವಾರ್ಟರ್ಸೂ ನಿಮ್ಮದೇ. ಅದಕ್ಕೇ ತಾನೆ ಯಾರೂ ಬಾಯಿ ಬಿಡದೆ ಇರೋದು."

ಮನಸ್ಸಿಗೆ ಕಸಿವಿಸಿಯಾಗಿ ಸಾಹೇಬರನ್ನೇ ಕೇಳಿದೆ. ಆಸ್ಪತ್ರೆ ಶಾಲೆಗೆ ಹೋಗಿದೆಯಂತಲ್ಲ ಸಾರ್, ಟೊಪ್ಪಿ ಬದಲಾಯಿಸಬೇಕಾ ಎಂದು. ಅವರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಆಸ್ಪತ್ರೆ ಎಲ್ಲೂ ಹೋಗಿಲ್ಲಮ್ಮ. ದುರಸ್ತಿ ನಡೀತಿದೆ. ಚುನಾವಣೆ ಮುಗಿಯೋವರೆಗೂ ಆಸ್ಪತ್ರೆ ಮುಚ್ಚಿದೆ ಅನ್ನೋ ಮಾತು ಯಾರ ಬಾಯಲ್ಲೂ ಬರಬಾರದು. ನಿಮಗ್ಯಾಕೆ ಇಲ್ಲದ ಉಸಾಬರಿ?"

ಸರಿ ಹಾಗಾದರೆ. ಕೇಳಿದ್ದೇನೆ, ಉತ್ತರ ಬಂದಿದೆ. ಮೇಲಿನವರ ಮಾತು ಮೀರುವುದಕ್ಕೆ ನಾನ್ಯಾರು. ಟೈಲರ್ ಅಣ್ಣನ ಇಂಜೆಕ್ಷನ್ ಬೇರೆ ನಮ್ಮ ಫ್ರಿಜ್ಜಿನಲ್ಲಿದೆ. ನಾಳೆ ನಮ್ಮ ಲೈನು ಹೋದರೆ ಅವರ ಗತಿಯೇನು, ಅದನ್ನೂ ನೋಡಬೇಕಲ್ಲ.

ಏಪ್ರಿಲ್ 6

ಅಡುಗೆಮನೆ ಕಿಟಕಿಗೆ ಹೊಸ ಪರದೆ ಹಾಕಿದೆ. ದಪ್ಪದ್ದು. ಎದುರು ಸಾಲಿನವರೆಲ್ಲ ಸಂಜೆ ಹೊತ್ತು ಮೆಟ್ಟಿಲ ಮೇಲೆ ಬೀಸಣಿಗೆ ಹಿಡಿದು ಕೂತಿರುತ್ತಾರೆ, ನಮ್ಮ ಬಲ್ಬು ಅವರ ಕಣ್ಣಿಗೆ ಹೊಡೆಯುತ್ತದೆ.

ಏಪ್ರಿಲ್ 9

ಸೆಕೆ. ಬರೆಯುವಂಥದ್ದೇನಿಲ್ಲ.

ನಡುಮನೆಯ ಲೈಟು ಹಾಕದೆ ಕೂತಿದ್ದೆ. "ಕರೆಂಟಿದ್ದೂ ಕತ್ತಲಲ್ಲಿ ಕೂತಿದ್ದೀಯಲ್ಲ" ಎಂದರು ಇವರು. ಕಣ್ಣು ನೋವು ಎಂದೆ.

ಏಪ್ರಿಲ್ 14

ತಂಗಿಯ ಮಗಳು ಬಂದಳು. ತಟ್ಟೆ ಕೊಟ್ಟರೆ ಹಿಡಿದುಕೊಳ್ಳಲಾಗದೆ ಮೇಜಿನ ಮೇಲಿಟ್ಟಳು. ಎರಡೂ ಮಣಿಕಟ್ಟು ಬಾತಿವೆ. ಬೆರಳು ಮಡಚಿದರೆ ಹಲ್ಲು ಕಚ್ಚುತ್ತಾಳೆ.

"ಏನಾಯ್ತೇ?"

"ಏನಿಲ್ಲ. ಕರೆಂಟು ಹೋದ್ರೆ ಉಸಿರಿನ ಮಿಷನ್ನು ನಿಲ್ಲುತ್ತೆ. ಜನರೇಟರಿಗೆ ಡೀಸೆಲ್ ಇಲ್ಲ. ರಬ್ಬರ್ ಚೀಲ ಅದುಮಿ ಅದುಮಿ ನಾವೇ ಉಸಿರು ಕೊಡ್ಬೇಕು. ಗುಬ್ಬಿಗೆ ಜಾಸ್ತಿ ಬೇಕು. ಕೈ ಬದಲಾಯ್ಸೋಕೆ ಇನ್ನೊಬ್ಬಳಿದ್ಳು, ಸಂಬಳ ಇಲ್ಲ ಅಂತ ಊರಿಗೆ ಹೋದ್ಳು."

ನಾನು ಎದ್ದು ಹೋಗಿ ಒಂದು ಬಟ್ಟೆಯಲ್ಲಿ ಐಸು ಕಟ್ಟಿ ತಂದೆ. ಅವಳ ಕೈಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಒತ್ತಿದೆ. ತಣ್ಣಗಾದಂತೆ ಅವಳು ಕಣ್ಣು ಮುಚ್ಚಿದಳು. ಆಮೇಲೆ ತೆರೆದು ಐಸನ್ನು ನೋಡಿದಳು, ನಡುಮನೆಯ ಫ್ರೀಜರನ್ನು ನೋಡಿದಳು.

"ಎಷ್ಟೊಂದು ಐಸಿದೆ ದೊಡ್ಡಮ್ಮ ನಿಮ್ಮನೇಲಿ" ಎಂದಳು.

ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಅವಳು ಬೈಯಲಿಲ್ಲ. "ಶಾಲೆ ಲೈನು ತೆಗೀಬೇಡಿ ಅಂತ ಯಾರಿಗಾದ್ರೂ ಹೇಳೋಕಾಗುತ್ತಾ ದೊಡ್ಡಮ್ಮ?" ಎಂದು ಕೇಳಿದಳು. ಯಾರಿಗಾದರೂ ಅಂದಳು. ಆ ಹಿಡಿಕೆ ಎಳೆಯುವ ಕೈ ತನ್ನ ಕೈಗೆ ಐಸು ಒತ್ತುತ್ತಿದೆ ಎಂದು ಅವಳಿಗೆ ಗೊತ್ತಿಲ್ಲವೇ.

"ಮೇಲಿನವರು ನೋಡ್ಕೋಬೇಕು ಮಗಳೇ" ಎಂದೆ. ನನ್ನ ದನಿ ನನಗೇ ಸಾಹೇಬರ ದನಿಯಂತೆ ಕೇಳಿತು. ನಾಚಿಕೆಯಾಯಿತು, ಬರೆಯುವಾಗಲೂ ಆಗುತ್ತಿದೆ.

ಏಪ್ರಿಲ್ 16

ಒಂದು ದಾರಿ ಹೊಳೆದಿದೆ. ಶಾಲೆಯ ಸರದಿ ಬಂದಾಗ ಅದನ್ನು ಬಿಟ್ಟು ಮಾರ್ಕೆಟ್ ಲೈನನ್ನೇ ಇನ್ನೊಂದು ಸಲ ತೆಗೆದರಾಯಿತು. ನಿನ್ನೆ, ಇವತ್ತು ಹಾಗೇ ಮಾಡಿದೆ. ಟೊಪ್ಪಿ ಇದ್ದಲ್ಲೇ ಇದೆ, ಫ್ರೀಜರೂ ಗುರುಗುಡುತ್ತಿದೆ, ಗುಬ್ಬಿಗೂ ಉಸಿರಿದೆ. ಮಾರ್ಕೆಟ್ಟಿನವರು ಹೇಗೋ ಸುಧಾರಿಸಿಕೊಳ್ಳುತ್ತಾರೆ.

ಸರದಿ ತಪ್ಪಿಸಿದೆ. ಪರವಾಗಿಲ್ಲ, ಒಳ್ಳೆಯದಕ್ಕೇ ತಾನೆ.

ಏಪ್ರಿಲ್ 22



ಮಧ್ಯಾಹ್ನಕ್ಕೆ ಮುಂಚೆ ಸಬ್‌ಸ್ಟೇಷನ್ನಿನ ಗೇಟಿಗೆ ಜನ ಬಂದರು. ಮಾರ್ಕೆಟ್ಟಿನವರು. ಮೀನು ಮಾರುವವರು, ಹಾಲಿನವರು, ಹಣ್ಣಿನವರು. ಕೊಳೆತ ಮೀನಿನ ಬುಟ್ಟಿಯನ್ನು ತಂದು ಗೇಟಿನೊಳಗೆ ಸುರಿದರು. ಅವರ ಜೊತೆ ಎದುರುಮನೆ ಟೈಲರ್ ಅಣ್ಣನೂ ಇದ್ದರು, ಅವರ ಅಂಗಡಿ ಅಲ್ಲೇ ಇರುವುದು. ಸಾಹೇಬರು ಮೀಟಿಂಗ್ ಎಂದು ಹಿಂದಿನ ಬಾಗಿಲಿನಿಂದ ಹೋದರು. ಏಣಿ ಕಂಬ ಹತ್ತಿ ಕೂತ, ನಿಜವಾಗಿಯೂ. ಉಳಿದವಳು ನಾನು.

"ಊರಿಗೆಲ್ಲ ಒಂದು ಸಲ, ನಮಗೆ ಮಾತ್ರ ಎರಡು ಸಲ ಯಾಕೆ?" ಎಂದು ಮೀನಿನವಳು ಕೇಳಿದಳು. ನ್ಯಾಯವಾದ ಪ್ರಶ್ನೆ. ಹಿಂದಿನಿಂದ ಒಬ್ಬ ಕಲ್ಲೆಸೆದ, ಕಿಟಕಿಯ ಗಾಜು ಒಡೆಯಿತು.

ನಾನು ಗೇಟಿನ ಹತ್ತಿರ ಹೋದೆ. ಆಗ ನನ್ನ ಬಾಯಿಂದ ಬಂದ ಮಾತು ಇದು, ಅಕ್ಷರ ಬಿಡದೆ ಬರೆಯುತ್ತೇನೆ. "ನಿಮ್ಮ ಕರೆಂಟು ಯಾರ ಮನೆಗೂ ಹೋಗ್ತಿಲ್ಲ. ಆಸ್ಪತ್ರೆ ಉಳಿಸೋಕೆ ತೆಗೀತಿದೀವಿ. ಅಲ್ಲಿ ಹಸುಗೂಸುಗಳಿವೆ."

ಗದ್ದಲ ತಗ್ಗಿತು. ಟೈಲರ್ ಅಣ್ಣ ಮುಂದೆ ಬಂದು ಜನರ ಕಡೆ ತಿರುಗಿ ನಿಂತರು. "ಈ ತಾಯಿನ ನಾನು ಬಲ್ಲೆ. ಇವ್ರು ಸುಳ್ಳು ಹೇಳೋರಲ್ಲ. ಆಸ್ಪತ್ರೆಗೋಸ್ಕರ ಅಂದ್ರೆ ಇರ್ಲಿ ಬಿಡ್ರಪ್ಪಾ. ನಾಕು ಮೀನು ಹೋದ್ರೆ ಹೋಯ್ತು" ಎಂದರು.

ಅವರು ಹೋದರು. ಗೊಣಗಿದರು, ಆದರೆ ಹೋದರು. ಮೀನಿನವಳು ಹೋಗುವಾಗ ತಿರುಗಿ ನೋಡಿ, "ಗಾಜು ಯಾರಿಗೂ ತಾಗ್ಲಿಲ್ಲ ತಾನೆ?" ಎಂದು ಕೇಳಿದಳು. ತನ್ನ ಹೊಟ್ಟೆಯ ಮೇಲೆ ಹೊಡೆದವಳನ್ನು ಅವಳು ವಿಚಾರಿಸಿಕೊಂಡಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಒಳಗೆ ಬಂದು ಕೂತೆ. ಫೋನು ಬಂತು, ಇಳಿಸಿ ಎಂದರು. ಮತ್ತೆ ಮಾರ್ಕೆಟ್ ಲೈನಿಗೆ ಕೈ ಹಾಕುವ ಧೈರ್ಯ ನನಗಿರಲಿಲ್ಲ. ಸರದಿ ಶಾಲೆಯದಾಗಿತ್ತು. ಸರದಿ ಪ್ರಕಾರ ಶಾಲೆ ಲೈನು ತೆಗೆದೆ. ಆ ಹಿಡಿಕೆಯ ಪಕ್ಕದಲ್ಲೇ ಆಸ್ಪತ್ರೆಯದು, ಟೊಪ್ಪಿ ಹಾಕಿಕೊಂಡು. ನನ್ನ ಮೊಣಕೈ ಅದಕ್ಕೆ ತಾಗಿತು.

ಏಪ್ರಿಲ್ 23

ಗುಬ್ಬಿ ಉಳಿಯಲಿಲ್ಲ.

ತಂಗಿಯ ಮಗಳು ಬಾಗಿಲಲ್ಲೇ ನಿಂತು ಹೇಳಿದಳು, ಒಳಗೆ ಬರಲಿಲ್ಲ. "ನಿನ್ನೆ ಮಧ್ಯಾಹ್ನ ಎರಡು ಕೂಸಿಗೆ ಒಟ್ಟಿಗೇ ಉಸಿರು ನಿಂತ್ಹೋಯ್ತು. ಇದ್ದಿದ್ದು ನಾನೊಬ್ಬಳು." ಅವಳು ಅಳುತ್ತಿರಲಿಲ್ಲ. ಕಾಲಲ್ಲಿ ನಾನು ಕೊಟ್ಟ ಚಪ್ಪಲಿ, ಹಿಮ್ಮಡಿಯ ಹಿಂದೆ ಎರಡು ಬೆರಳಿನಷ್ಟು ಜಾಗ ಖಾಲಿ.

ನೀರು ಕೊಡಲೇ ಎಂದೆ. ತಣ್ಣಗಿನದು ಬೇಡ ಎಂದಳು.

ಏಪ್ರಿಲ್ 24

ಬೆಳಿಗ್ಗೆ ಪಾಳಿಗೆ ಹೋದ ಕೂಡಲೇ ಆಸ್ಪತ್ರೆ ಲೈನಿನ ಟೊಪ್ಪಿ ತೆಗೆದು ಶಾಲೆ ಲೈನಿಗೆ ಹಾಕಿದೆ. ಒಂದು ಗೇಣು ದೂರ. ಮೂಗು ಕೆರೆದುಕೊಳ್ಳುವಷ್ಟು ಹೊತ್ತೂ ಆಗಲಿಲ್ಲ. ಕರವಸ್ತ್ರ ಬಿಚ್ಚಿದ ದಿನವೇ ಗೊತ್ತಿತ್ತು ನನಗೆ, ಕೇಳುವವರು ಯಾರೂ ಇಲ್ಲ ಎಂದು. ಇಷ್ಟು ಸುಲಭದ ಕೆಲಸ ಎಂಬುದನ್ನೇ ಈಗ ತಡೆದುಕೊಳ್ಳಲಾಗುತ್ತಿಲ್ಲ. ಕಷ್ಟದ್ದಾಗಿದ್ದರೆ ಕಷ್ಟ ಎಂದಾದರೂ ಹೇಳಿಕೊಳ್ಳಬಹುದಿತ್ತು.

ಮಧ್ಯಾಹ್ನ ಮೊದಲ ಫೋನಿಗೆ ನಮ್ಮ ಲೈನು ತೆಗೆದೆ.

ಮನೆಗೆ ಬಂದಾಗ ನಡುಮನೆ ತುಂಬ ನೀರು. ಇವರು ಮೊಣಕಾಲೂರಿ ಬಟ್ಟೆಯಿಂದ ಒರೆಸುತ್ತಿದ್ದರು. ಫ್ರೀಜರಿನ ಸದ್ದಿಲ್ಲದೆ ಮನೆ ಬೇರೆಯವರದ್ದು ಅನ್ನಿಸುತ್ತಿತ್ತು. "ನಮ್ಮ ಲೈನೂ ತೆಗೆದ್ರಾ?" ಎಂದು ಕೇಳಿದರು.

"ತೆಗೆದ್ರು ಅಲ್ಲ. ನಾನು ತೆಗೆದೆ."

ಎಲ್ಲವನ್ನೂ ಹೇಳಿದೆ. ಅವರು ಬಟ್ಟೆ ಹಿಂಡುವುದನ್ನು ನಿಲ್ಲಿಸಲಿಲ್ಲ. ಕೊನೆಗೆ, "ನನಗೆ ಗೊತ್ತಾಗಿತ್ತು. ಏಣಿ ಐಸು ತಗೊಳ್ಳೋಕೆ ಬಂದಾಗ ಹೇಳಿದ್ದ. ನಿನಗೆ ಗೊತ್ತಿಲ್ಲ ಅಂದ್ಕೊಂಡು ಸುಮ್ಮನಿದ್ದೆ" ಎಂದರು. ಒಂದೇ ಮನೆಯಲ್ಲಿ ಇಬ್ಬರೂ ಗೊತ್ತಿಲ್ಲದವರ ಹಾಗೆ ಇದ್ದೆವು, ಒಬ್ಬರನ್ನೊಬ್ಬರು ಕಾಪಾಡುತ್ತಿದ್ದೇವೆ ಎಂದುಕೊಂಡು. ನಾನೂ ಒಂದು ಬಟ್ಟೆ ತಗೊಂಡು ಪಕ್ಕದಲ್ಲಿ ಕೂತೆ.

ಏಪ್ರಿಲ್ 25

ಸಾಹೇಬರು ಬಂದರು. ಅಂಗಿಯ ಕಾಲರು ಒದ್ದೆ, ಕಣ್ಣು ಕೆಂಪು, ಕ್ವಾರ್ಟರ್ಸಿನಲ್ಲಿ ನಿದ್ದೆಯಾಗಿಲ್ಲ. ಹಿಡಿಕೆಗಳ ಮುಂದೆ ನಿಂತು ಶಾಲೆ ಲೈನಿನ ಮೇಲಿದ್ದ ಟೊಪ್ಪಿ ನೋಡಿದರು. ನನ್ನನ್ನು ನೋಡಿದರು. ಕೇಳಲಿ ಎಂದು ನಾನು ಕಾಯುತ್ತಿದ್ದೆ. ಕೇಳಬೇಕಾದರೆ ಆಸ್ಪತ್ರೆ ಖಾಲಿಯಿದೆ ಎಂಬ ಮಾತು ಅವರ ಬಾಯಲ್ಲಿ ಬರಬೇಕು.

"ಈ ವರ್ಷ ಸೆಕೆ ಜಾಸ್ತಿ" ಎಂದರು.

"ಹೌದು ಸಾರ್."

ಕುತ್ತಿಗೆ ಒರೆಸಿಕೊಂಡು ಹೋದರು. ಇಷ್ಟು ದಿನ ಹೆದರಿದ್ದು ಇಷ್ಟಕ್ಕಾಗಿ.

ಏಪ್ರಿಲ್ 27

ಟೈಲರ್ ಅಣ್ಣನ ಬಾಟಲಿಗಳನ್ನು ಒದ್ದೆ ಬಟ್ಟೆ ಸುತ್ತಿಕೊಂಡು ಶಾಲೆಗೆ ಹೋದೆ. ತಂಗಿಯ ಮಗಳು ವಾರ್ಡಿನ ಫ್ರಿಜ್ಜಿನಲ್ಲಿ ಒಂದು ಮೂಲೆ ಬಿಡಿಸಿ ಕೊಟ್ಟಳು. ಅಷ್ಟೇ, ಅದೂ ಬಗೆಹರಿಯಿತು. ಅವರ ಗತಿಯೇನು ಎಂದು ನಾನು ಚಿಂತೆ ಮಾಡಿದ್ದೆನಲ್ಲ.

ಗೋಡೆಯ ಮೇಲೆ ಇನ್ನೂ ಮಕ್ಕಳು ಬರೆದ ಚಿತ್ರಗಳಿವೆ. ಮಿಷನ್ನುಗಳು ಸಣ್ಣಗೆ ಸದ್ದು ಮಾಡುತ್ತಿದ್ದವು. ಕಿಟಕಿಯ ಪಕ್ಕದ ಬೆಂಚು ಖಾಲಿಯಿತ್ತು.

"ಆವತ್ತು ಲೈನು ತೆಗೆದವಳು ನಾನೇ" ಎಂದೆ.

"ಗೊತ್ತು ದೊಡ್ಡಮ್ಮ." ಅವಳು ಒಂದು ಕೂಸಿನ ಕಾಲಿಗೆ ಬಟ್ಟೆ ಹೊದಿಸುತ್ತಿದ್ದಳು. "ಎರಡು ಸಲ ಹೇಳ್ದೆ ನಿಮಗೆ. ಮೂರನೇ ಸಲ ಹೇಳೋಕೆ ಬಾಯಿ ಬರ್ಲಿಲ್ಲ. ನಿಮ್ಮನೇಲಿ ಫ್ಯಾನ್ ಕೆಳಗೆ ಕೂತು ತಣ್ಣೀರು ಕುಡಿದಿದ್ದೆ."

ಮನೆಗೆ ಬಂದು ಈ ಡೈರಿ ತಿರುಗಿಸಿ ನೋಡಿದೆ. ಹೌದು, ಮಾರ್ಚ್ 19ರಂದೇ ಹೇಳಿದ್ದಾಳೆ. ನಾನು ಅದನ್ನು ಬರೆದು, ಚಪ್ಪಲಿಯ ಚಿಂತೆ ಮಾಡಿದ್ದೇನೆ.

ಮೇ 1

ಸಂಜೆ ಆಸ್ಪತ್ರೆ ಲೈನು ಹೋಯಿತು. ಪಾಳಿ ನನ್ನದಲ್ಲ, ಬೇರೆಯವರು ತೆಗೆದದ್ದು. ಗಿರಣಿ ಲೈನೂ ಹೋಗಿತ್ತು. ಹೊರಗೆ ಬಂದು ಎಲ್ಲಿ ಕೂರುವುದೆಂದು ಗೊತ್ತಾಗದೆ ನಿಂತಿದ್ದೆ. ಟೈಲರ್ ಅಣ್ಣ ತಮ್ಮ ಮೆಟ್ಟಿಲ ಮೇಲೆ ಸರಿದು ಜಾಗ ಮಾಡಿದರು, ಬೀಸಣಿಗೆಯನ್ನು ನನ್ನ ಕಡೆ ನೀಡಿದರು.

"ಬೇಜಾರು ಮಾಡ್ಕೋಬೇಡಿ ತಾಯಿ" ಎಂದರು. "ಆಸ್ಪತ್ರೆಗೋಸ್ಕರ ತಾನೆ."

ನನ್ನದೇ ಮಾತು, ಈಗ ನಿಜವಾದ ಮಾತು. ಹೌದು ಎಂದು ಸುಮ್ಮನಾಗಬಹುದಿತ್ತು. ಆದರೆ ಹೇಳಿಬಿಟ್ಟೆ. ಆವತ್ತು ಗೇಟಿನ ಹತ್ತಿರ ಹೇಳಿದ್ದು ಸುಳ್ಳು ಅಣ್ಣ. ಆಸ್ಪತ್ರೆಯಲ್ಲಿ ಆಗ ಯಾರೂ ಇರಲಿಲ್ಲ. ಶಾಲೆಯಲ್ಲಿದ್ದರು. ಉರಿಯುತ್ತಿದ್ದದ್ದು ನಮ್ಮ ಮನೆ. ಗುಬ್ಬಿಯ ವಿಷಯವನ್ನೂ ಹೇಳಿದೆ. ಹೇಳಿದರೆ ಎದೆ ಹಗುರವಾಗುತ್ತದೆ ಎಂದುಕೊಂಡಿದ್ದೆ.

ಅವರು ಹೊಲಿದು ಹೊಲಿದು ಗಟ್ಟಿಯಾದ ತಮ್ಮ ಬೆರಳ ತುದಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಬೈಯಲಿ ಎಂದು ಕಾದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನನ್ನ ಇಂಜೆಕ್ಷನ್ನೂ ಅದೇ ಕರೆಂಟಲ್ಲೇ ಇತ್ತಲ್ಲ ತಾಯಿ" ಎಂದರು. ಆಮೇಲೆ, "ಆ ಜನಾನ ವಾಪಸ್ ಕಳಿಸಿದ್ದೂ ನಾನೇ" ಎಂದರು.

ಅವರ ತಲೆ ತಗ್ಗಿತು. ನನ್ನಂತೆಯೇ. ಏನೂ ತಪ್ಪು ಮಾಡದ ಮನುಷ್ಯನಿಗೆ ನನ್ನ ತಪ್ಪಿನಲ್ಲಿ ಪಾಲು ಕೊಟ್ಟುಬಿಟ್ಟೆ.

ಅಷ್ಟರಲ್ಲಿ ಗಿರಣಿ ಲೈನಿಗೆ ಕರೆಂಟು ಬಂತು. ಬಲಗಡೆಯ ಸಾಲು ಪೂರ್ತಿ ಬೆಳಗಿತು, ಎಡಗಡೆ ನಮ್ಮ ಸಾಲು ಕತ್ತಲಾಗಿಯೇ ಉಳಿಯಿತು. ಟೈಲರ್ ಅಣ್ಣನ ಮನೆಯೊಳಗೆ ಫ್ಯಾನು ತಿರುಗತೊಡಗಿದ ಸದ್ದು ಕೇಳಿಸಿತು.

"ಒಳಗೆ ಬನ್ನಿ ತಾಯಿ, ಗಾಳಿ ಇದೆ" ಎಂದರು.

ನಾನು ಹೋಗಲಿಲ್ಲ. ಅವರೂ ಹೋಗಲಿಲ್ಲ.